ಹಡಗು ಹತ್ತುವ ಮುನ್ನ ಅವರು ಯಾರಾಗಿದ್ದರು?

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಮಾತಾಡುವ ಲಕ್ಷಾಂತರ ಜನರ ವಂಶಾವಳಿಗಳನ್ನು ಹಿಂದಕ್ಕೆ ಹಿಡಿದು ಹೋದರೆ, ಅವೆಲ್ಲ ಕೆಲವೇ ಸಾವಿರ ವಲಸಿಗರಲ್ಲಿ ಬಂದು ಕೂಡಿಕೊಳ್ಳುತ್ತವೆ. 1608ರಲ್ಲಿ ಫ್ರೆಂಚ್ ಅನ್ವೇಷಕ ಸ್ಯಾಮ್ಯುಯೆಲ್ ದ ಶಾಂಪ್ಲೇನ್ ಅಲ್ಲಿ ವಸಾಹತು ಹೂಡಿದ. 1763ರಲ್ಲಿ ಆ ವಸಾಹತು ಬ್ರಿಟಿಷರ ಪಾಲಾಯಿತು. ಈ ನಡುವಿನ ಒಂದೂವರೆ ಶತಮಾನದಲ್ಲಿ ಫ್ರಾನ್ಸಿನಿಂದ ಹೋಗಿ ಅಲ್ಲೇ ಬೇರುಬಿಟ್ಟವರು ಸುಮಾರು ಹತ್ತು ಸಾವಿರ ಮಂದಿ ಅಷ್ಟೆ. ಆದರೆ ಅಲ್ಲಿಂದಲೂ ಹಿಂದಕ್ಕೆ ಹೋಗಿ ಅವರ ಹಳ್ಳಿ ಯಾವುದು, ಹೆತ್ತವರು ಯಾರು ಎಂದು ಹುಡುಕುವುದು ಬೇರೆಯೇ ಕೆಲಸ.

ಲಾ ರೊಷೆಲ್ ಅಥವಾ ದಿಯೆಪ್ ಬಂದರಿನ ಪ್ರಯಾಣಿಕರ ಪಟ್ಟಿ ನೋಡಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಅಂಥ ಪಟ್ಟಿಗಳು ಉಳಿದಿರುವುದು ಬಹಳ ಕಡಿಮೆ. ಸುಳಿವು ಸಿಗುವುದು ಸಮುದ್ರದ ಆಚೆ ದಡದಲ್ಲಿ, ಕ್ವಿಬೆಕ್ಕಿನ ಚರ್ಚುಗಳ ಮದುವೆ ದಾಖಲೆಯಲ್ಲಿ. ಪಾದ್ರಿಗಳು ವರನ ಮತ್ತು ವಧುವಿನ ಹೆತ್ತವರ ಹೆಸರು, ಅವರ ಊರು, ಆ ಊರು ಸೇರಿದ ಧರ್ಮಪ್ರಾಂತ್ಯ ಇವನ್ನು ಸಾಮಾನ್ಯವಾಗಿ ಬರೆಯುತ್ತಿದ್ದರು. ಬಹುಪಾಲು ವಲಸಿಗರಿಗೆ ಓದುಬರಹ ಬಾರದ್ದರಿಂದ ಕಿವಿಗೆ ಬಿದ್ದದ್ದೇ ಅಕ್ಷರಕ್ಕಿಳಿಯುತ್ತಿತ್ತು. ಸೈನಿಕರದು ಇನ್ನೂ ದೊಡ್ಡ ತೊಡಕು. 1665ರಲ್ಲಿ ಬಂದ ಕಾರಿಞ್ಞಾನ್-ಸಾಲಿಯೇರ್ ಪಡೆಯ ಸುಮಾರು 1,200 ಮಂದಿಯಲ್ಲಿ 400ರಷ್ಟು ಜನ ಅಲ್ಲೇ ಉಳಿದರು. ಪಡೆಯಲ್ಲಿ ಅಂಟಿಕೊಂಡ ಅಡ್ಡಹೆಸರೇ ಎಷ್ಟೋ ಜನರ ಮಕ್ಕಳಿಗೆ ಮನೆತನದ ಹೆಸರಾಯಿತು. ಆ ಹೆಸರು ಹಿಡಿದು ಫ್ರಾನ್ಸಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜನಸಂಖ್ಯಾಶಾಸ್ತ್ರಜ್ಞರು 1966ರಲ್ಲಿ ಒಂದು ಸಾಹಸಕ್ಕೆ ಕೈಹಾಕಿದರು. 1800ಕ್ಕೆ ಮೊದಲಿನ ಕ್ಯಾಥೊಲಿಕ್ ದಾಖಲೆಗಳನ್ನೆಲ್ಲ, ಸುಮಾರು ಏಳು ಲಕ್ಷ ಜ್ಞಾನಸ್ನಾನ, ಮದುವೆ ಮತ್ತು ಸಮಾಧಿಗಳನ್ನು, ಕಂಪ್ಯೂಟರಿಗೆ ಏರಿಸಿ ಒಂದೊಂದು ಕುಟುಂಬವನ್ನೂ ಮರುಜೋಡಿಸಿದರು. ಒಂದು ಇಡೀ ಸಮಾಜದ ಹುಟ್ಟನ್ನು ಇಷ್ಟು ವಿವರವಾಗಿ ದಾಖಲಿಸಿದ ಉದಾಹರಣೆಗಳು ಜಗತ್ತಿನಲ್ಲಿ ವಿರಳ.

ಫ್ರಾನ್ಸಿನ ಕಡೆಯ ಅದೃಷ್ಟ ಊರಿಂದೂರಿಗೆ ಬೇರೆ. ಜ್ಞಾನಸ್ನಾನದ ದಾಖಲೆ ಇಡಬೇಕೆಂದು 1539ರಲ್ಲಿ, ಮದುವೆ-ಸಮಾಧಿಗಳನ್ನೂ ಬರೆಯಬೇಕೆಂದು 1579ರಲ್ಲಿ ರಾಜಾಜ್ಞೆಯಾಯಿತು. ಎಲ್ಲಕ್ಕೂ ಎರಡು ಪ್ರತಿ ಇರಬೇಕೆಂದು 1667ರಲ್ಲಿ ವಿಧಿಸಲಾಯಿತು. ಪೆರ್ಶ್ ಸೀಮೆಯ ಮೊರ್ತಾಞ್, ತೂರೂವ್ರ್ ಊರುಗಳಿಂದ ಹೋದವರ ವಂಶಸ್ಥರು ಪುಣ್ಯವಂತರು. ಅಲ್ಲಿ ಚರ್ಚಿನ ಪುಸ್ತಕಗಳಷ್ಟೇ ಅಲ್ಲ, ನೋಟರಿಯ ಮುಂದೆ ಕೂಲಿಯಾಳುಗಳು ಮಾಡಿಕೊಂಡ ಕರಾರುಗಳೂ ಉಳಿದಿವೆ. ಕರಾರು ಸಾಮಾನ್ಯವಾಗಿ ಮೂರು ವರ್ಷದ್ದು. ಅದರಲ್ಲಿ ಕಸುಬು, ಕೂಲಿ, ಮುಂಗಡದ ಹಣ ಎಲ್ಲವೂ ನಮೂದಾಗಿರುತ್ತದೆ.

ಪ್ಯಾರಿಸಿನವರ ಪಾಡು ಹಾಗಲ್ಲ. ವಸಾಹತಿನಲ್ಲಿ ಹೆಣ್ಣುಮಕ್ಕಳ ಕೊರತೆ ನೀಗಲು 1663ರಿಂದ 1673ರವರೆಗೆ ರಾಜ ತನ್ನ ಖರ್ಚಿನಲ್ಲಿ ಸುಮಾರು 770 ಮಹಿಳೆಯರನ್ನು ಕಳುಹಿಸಿದ. ‘ರಾಜನ ಹೆಣ್ಣುಮಕ್ಕಳು’ ಎಂದೇ ಅವರು ಇತಿಹಾಸದಲ್ಲಿ ಪರಿಚಿತರು. ಅವರಲ್ಲಿ ಹಲವರು ಪ್ಯಾರಿಸಿನ ಸಾಲ್‌ಪೆಟ್ರಿಯೇರ್ ಆಶ್ರಯಾಲಯದಿಂದ ಬಂದ ಅನಾಥೆಯರು. 1871ರ ಮೇ ತಿಂಗಳಲ್ಲಿ, ಪ್ಯಾರಿಸ್ ಕಮ್ಯೂನ್ ಎಂಬ ದಂಗೆಯ ಕೊನೆಯ ದಿನಗಳಲ್ಲಿ, ನಗರದ ದಾಖಲೆಗಳ ಎರಡೂ ಪ್ರತಿ ಬೆಂಕಿಗೆ ಆಹುತಿಯಾದವು. ಸುಟ್ಟುಹೋದ ಸುಮಾರು 80 ಲಕ್ಷ ದಾಖಲೆಗಳಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಮತ್ತೆ ಕಟ್ಟಲಾಯಿತು. ಈ ಹೆಣ್ಣುಮಕ್ಕಳ ಬಾಲ್ಯ ಅಲ್ಲಿ ಬೂದಿಯಾದದ್ದು ನನ್ನನ್ನು ಕಲಕುತ್ತದೆ.

ಕಾಗದ ಮುಗಿದ ಕಡೆ ಜೀವಕೋಶವನ್ನು ಕೇಳಬಹುದು. ವೈ ವರ್ಣತಂತು ತಂದೆಯಿಂದ ಮಗನಿಗೆ, ಮೈಟೊಕಾಂಡ್ರಿಯಾದ ಡಿಎನ್ಎ ತಾಯಿಯಿಂದ ಮಕ್ಕಳಿಗೆ ಹೆಚ್ಚು ಬದಲಾಗದೆ ಸಾಗುತ್ತದೆ. ಒಬ್ಬ ಮೂಲ ಅಜ್ಜಿಯ ಇಬ್ಬರು ಹೆಣ್ಣುಮಕ್ಕಳಿಂದ ಬರೀ ಹೆಣ್ಣಿನ ಸಾಲಿನಲ್ಲೇ ಇಳಿದುಬಂದ ಇಬ್ಬರನ್ನು ಪರೀಕ್ಷಿಸಿದಾಗ ಡಿಎನ್ಎ ತಾಳೆಯಾದರೆ, ಮೂರೂವರೆ ಶತಮಾನದ ಎರಡೂ ದಾಖಲೆಸಾಲುಗಳು ಸರಿಯೆಂದು ನಂಬಬಹುದು. ತಂದೆಯ ಸಾಲಿಗೆ ಈ ತಾಳೆ ಇನ್ನೂ ಅಗತ್ಯ. ದಾಖಲೆಯ ತಂದೆಯೂ ಹೆತ್ತ ತಂದೆಯೂ ಬೇರೆಯಾಗುವ ಸಂಭವ ಪಶ್ಚಿಮ ಯುರೋಪಿನ ಅಧ್ಯಯನಗಳ ಪ್ರಕಾರ ತಲೆಮಾರಿಗೆ ಶೇ. 1ರಷ್ಟು. ಹನ್ನೆರಡು ತಲೆಮಾರು ದಾಟುವಾಗ ಅದು ಶೇ. 11ಕ್ಕೆ ಏರುತ್ತದೆ. ಫ್ರಾನ್ಸಿನಲ್ಲಿ ಉಳಿದ ಬಂಧುಗಳೊಡನೆ ಹೋಲಿಸುವುದು ಸುಲಭವಲ್ಲ. ಬರೀ ಕುತೂಹಲಕ್ಕೆ ಡಿಎನ್ಎ ಪರೀಕ್ಷೆ ಮಾಡಿಸಿಕೊಳ್ಳುವುದು ಅಲ್ಲಿ ಕಾನೂನುಬಾಹಿರ, ದಂಡ 3,750 ಯೂರೊಗಳವರೆಗೆ.

ಇದೆಲ್ಲ ಹಳೆಯ ಕಾಗದದ ಗೀಳು ಎನ್ನುವವರು ಲೆಬರ್ ಕಣ್ಣಿನ ನರರೋಗದ ಕಥೆ ಕೇಳಬೇಕು. ಮೈಟೊಕಾಂಡ್ರಿಯಾದ ಡಿಎನ್ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಬರುವ ಈ ಕಾಯಿಲೆ ಹೆಚ್ಚಾಗಿ ಹರೆಯದ ಗಂಡಸರ ದೃಷ್ಟಿ ಕಸಿಯುತ್ತದೆ. ಕ್ವಿಬೆಕ್ಕಿನ ರೋಗಿಗಳ ತಾಯಿಸಾಲು ಹಿಡಿದು ಹೋದ ಸಂಶೋಧಕರು, 14484ನೇ ಸ್ಥಾನದ ಬದಲಾವಣೆಯ ಬಹುಪಾಲು ಪ್ರಕರಣಗಳ ಮೂಲ 1669ರಲ್ಲಿ ಕ್ವಿಬೆಕ್ಕಿನಲ್ಲಿ ಮದುವೆಯಾದ ಒಬ್ಬ ‘ರಾಜನ ಮಗಳು’ ಎಂದು ತೋರಿಸಿದರು. 2017ರಲ್ಲಿ ಎಮ್ಯಾನ್ಯುಯೆಲ್ ಮಿಲೊ ಮತ್ತು ಸಂಗಡಿಗರು ಆಕೆಯ ಸಂತತಿಯ ಲೆಕ್ಕ ತೆಗೆದರು. ಈ ಬದಲಾವಣೆ ಹೊತ್ತ ಗಂಡುಮಕ್ಕಳು ಇತರರಿಗಿಂತ ಹೆಚ್ಚಾಗಿ ಶೈಶವದಲ್ಲೇ ಸಾಯುತ್ತಿದ್ದರು. ಆದರೂ ಅದು ಅಳಿಯಲಿಲ್ಲ, ಏಕೆಂದರೆ ಗಂಡು ಅದನ್ನು ಮುಂದಿನವರಿಗೆ ದಾಟಿಸುವುದೇ ಇಲ್ಲ. ದಾಟಿಸುವ ಹೆಣ್ಣಿಗೆ ಅದರಿಂದ ಹಾನಿ ಕಡಿಮೆ. ಹೀಗಾಗಿ ನಿಸರ್ಗದ ಆಯ್ಕೆಗೆ ಅದನ್ನು ತೊಡೆದುಹಾಕಲಾಗಲಿಲ್ಲ.

ಬದಲಾವಣೆ ಹೊತ್ತವರಿಗೆಲ್ಲ ಕಣ್ಣು ಹೋಗುವುದಿಲ್ಲ. ಧೂಮಪಾನ ಅಪಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ತಾಯಿಯ ಸಾಲಿನಲ್ಲಿ ಈ ಕಾಯಿಲೆ ಇದೆಯೆಂದು ಗೊತ್ತಾದ ಯುವಕನಿಗೆ ವೈದ್ಯರು ಕೊಡುವ ಸಲಹೆ ಸ್ಪಷ್ಟವಾಗಿದೆ: ಸಿಗರೇಟು ಮುಟ್ಟಬೇಡ, ಮದ್ಯ ಬಿಡು.