ತಂತಿ ಬೆಸೆಯದೆ ಮಾತು ಬೆಸೆದ ಪೆಟ್ಟಿಗೆ

1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 128 ಪೋರ್ಟುಗಳ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. 1984ರಲ್ಲಷ್ಟೇ ಹುಟ್ಟಿದ್ದ ಸಿ-ಡಾಟ್ ಸಂಸ್ಥೆ ವಿನ್ಯಾಸ ಮಾಡಿದ ಗ್ರಾಮೀಣ ಎಕ್ಸ್‌ಚೇಂಜ್ ಅದು. ಎ.ಸಿ. ಇಲ್ಲದ ಕೋಣೆಯಲ್ಲಿ, ನಮ್ಮ ಬೇಸಿಗೆಯ ಸೆಖೆಯಲ್ಲೂ ನಡೆಯಬೇಕು ಎಂಬುದು ವಿನ್ಯಾಸದ ಮೊದಲ ಷರತ್ತಾಗಿತ್ತು. ಕಾರ್ಡುಗಳಲ್ಲಿ ಹುಟ್ಟುವ ಶಾಖವೇ ಕಡಿಮೆ ಇರುವಂತೆ ನೋಡಿಕೊಂಡಿದ್ದರಿಂದ ಅದು ಸಾಧ್ಯವಾಯಿತು. ನನ್ನ ಮಟ್ಟಿಗೆ ಇದು ಭಾರತದ ಎಂಜಿನಿಯರಿಂಗಿನ ದೊಡ್ಡ ಗೆಲುವುಗಳಲ್ಲಿ ಒಂದು.

ಮನೆಯಿಂದ ಬಂದ ಜೋಡಿ ತಾಮ್ರದ ತಂತಿ ಎಕ್ಸ್‌ಚೇಂಜಿನಲ್ಲಿ ಬಂದು ಸೇರುವುದು ಲೈನ್ ಕಾರ್ಡಿಗೆ. ಸಿ-ಡಾಟ್‌ನ ಒಂದು ಕಾರ್ಡು ಎಂಟು ಚಂದಾದಾರರನ್ನು ನೋಡಿಕೊಳ್ಳುತ್ತದೆ. ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ಇಲ್ಲಿಂದಲೇ ಹೋಗುತ್ತದೆ. ಅದರ ಮೂಲ ಎರಡೆರಡು ವೋಲ್ಟಿನ 24 ಸೆಲ್ಲುಗಳ ಬ್ಯಾಟರಿ. ಊರಿನ ಕರೆಂಟು ಹೋದರೂ ಫೋನು ಮಾತಾಡುತ್ತಿದ್ದುದು ಇದರಿಂದಲೇ. ರಿಸೀವರ್ ಎತ್ತಿದೊಡನೆ ತಂತಿಯಲ್ಲಿ ಹರಿಯುವ ಕರೆಂಟನ್ನು ಗುರುತಿಸುವುದು, ಮಿಂಚಿನ ಹೊಡೆತ ಒಳಗೆ ನುಗ್ಗದಂತೆ ತಡೆಯುವುದು, ಗಂಟೆ ಬಾರಿಸುವುದು ಎಲ್ಲವೂ ಈ ಕಾರ್ಡಿನ ಹೊಣೆ. ಗಂಟೆಗೆ ಸುಮಾರು 75 ವೋಲ್ಟ್ ಎ.ಸಿ. ಬೇಕು. ಐದು ವೋಲ್ಟಿನಲ್ಲಿ ನಡೆಯುವ ಚಿಪ್ಪಿಗೆ ಅದು ತಾಗಿದರೆ ಚಿಪ್ಪು ಸುಟ್ಟುಹೋದಂತೆಯೇ. ಹಾಗಾಗಿ ರಿಲೇ ಮೂಲಕ ಆ ದಾರಿಯನ್ನೇ ಬೇರೆ ಇಡುತ್ತಾರೆ. ಅತ್ತಲಿನವರು ಫೋನ್ ಎತ್ತಿದ ಕ್ಷಣ ಗಂಟೆಯ ವಿದ್ಯುತ್ತು ಕಡಿದುಹೋಗಬೇಕು. ಇಲ್ಲದಿದ್ದರೆ ಅದರ ಅಬ್ಬರ ನೇರ ಕಿವಿಗೇ.

ಧ್ವನಿ ಅಂಕಿಯಾಗುವುದೂ ಲೈನ್ ಕಾರ್ಡಿನಲ್ಲೇ. ಮಾತಿನ ಅಲೆಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ ಎಂಟು ಬಿಟ್‌ಗಳಲ್ಲಿ ಬರೆಯುತ್ತಾರೆ. ಅಲ್ಲಿಗೆ ಒಬ್ಬರ ಮಾತು ಸೆಕೆಂಡಿಗೆ 64,000 ಬಿಟ್. ಒಂದು ಅಳತೆಗೂ ಮುಂದಿನದಕ್ಕೂ ನಡುವೆ 125 ಮೈಕ್ರೋಸೆಕೆಂಡ್ ಬಿಡುವಿದೆ. ಆ ಬಿಡುವಿನಲ್ಲಿ ಇನ್ನೆಷ್ಟೋ ಜನರ ಅಳತೆಗಳು ಅದೇ ತಂತಿಯಲ್ಲಿ ಸರದಿಯಂತೆ ಸಾಗಬಹುದು. ಈ ಒಂದೊಂದು ಸರದಿಗೆ ಟೈಮ್ ಸ್ಲಾಟ್ ಎನ್ನುತ್ತಾರೆ.

ಇನ್ನು ಎಕ್ಸ್‌ಚೇಂಜಿನ ಎದೆಗೂಡಿಗೆ ಬರೋಣ. 5ನೇ ಸ್ಲಾಟಿನವರು 19ನೇ ಸ್ಲಾಟಿನವರ ಜೊತೆ ಮಾತಾಡಬೇಕು ಎನ್ನಿ. ಹಳೆಯ ಎಕ್ಸ್‌ಚೇಂಜಾಗಿದ್ದರೆ ಯಾವುದೋ ಲೋಹದ ತೋಳು ಸರಿದು ಎರಡು ತಂತಿಗಳನ್ನು ಕೂಡಿಸಬೇಕಿತ್ತು. ಇಲ್ಲಿ ಏನೂ ಸರಿಯುವುದಿಲ್ಲ. ಬಂದ ಅಳತೆಗಳನ್ನೆಲ್ಲ ಟೈಮ್ ಸ್ವಿಚ್ ಬಂದ ಕ್ರಮದಲ್ಲೇ ಮೆಮೊರಿಯಲ್ಲಿ ಬರೆದಿಡುತ್ತದೆ, ಅಂಚೆ ಕಚೇರಿಯ ಗೂಡುಗಳಲ್ಲಿ ಕಾಗದ ಇಟ್ಟಂತೆ. ಓದುವಾಗ ಮಾತ್ರ ಕ್ರಮ ಬದಲು: 19ರ ಸರದಿ ಬಂದಾಗ 5ನೇ ಗೂಡನ್ನು, 5ರ ಸರದಿಯಲ್ಲಿ 19ನೇ ಗೂಡನ್ನು ಓದುತ್ತದೆ. ಯಾವ ಗೂಡು ಯಾವಾಗ ಎಂಬುದು ಇನ್ನೊಂದು ಪುಟ್ಟ ಮೆಮೊರಿಯಲ್ಲಿ ಇರುತ್ತದೆ. ಪ್ರೊಸೆಸರು ಅಲ್ಲಿ ಎರಡು ಅಂಕಿ ಬರೆದರೆ ಕರೆ ಜೋಡಣೆಯಾಯಿತು, ಅಳಿಸಿದರೆ ಕಡಿಯಿತು. ಓದುವ ಕ್ರಮ ಬದಲಿಸಿ ಇಬ್ಬರನ್ನು ಕೂಡಿಸುವ ಈ ಉಪಾಯ ಎಷ್ಟು ಸಲ ನೆನೆದರೂ ನನಗೆ ಖುಷಿ ಕೊಡುತ್ತದೆ.

ಮುಂದೆ ಸಿ-ಡಾಟ್ ಕಟ್ಟಿದ ದೊಡ್ಡ ಎಕ್ಸ್‌ಚೇಂಜಾದ ಮ್ಯಾಕ್ಸ್‌ನಲ್ಲೂ ಇದೇ ಇಟ್ಟಿಗೆ. 128 ಪೋರ್ಟಿನ ನಾಲ್ಕು ಘಟಕ ಸೇರಿದರೆ 512 ಪೋರ್ಟುಗಳ ಬೇಸ್ ಮಾಡ್ಯೂಲ್. ಅಂಥ ಹಲವು ಮಾಡ್ಯೂಲುಗಳ ನಡುವಿನ ಸಂಚಾರಕ್ಕೆ ಸೆಂಟ್ರಲ್ ಮಾಡ್ಯೂಲಿನ ಸ್ಪೇಸ್ ಸ್ವಿಚ್.

ಯಾವುದು ಕೆಟ್ಟರೆ ಎಷ್ಟು ಜನಕ್ಕೆ ತೊಂದರೆ ಎಂಬ ಲೆಕ್ಕವೂ ಈ ಜೋಡಣೆಯಲ್ಲಿದೆ. ಲೈನ್ ಕಾರ್ಡು ಹಾಳಾದರೆ ಎಂಟು ಮನೆಗಳ ಫೋನು ನಿಲ್ಲುತ್ತದೆ, ಕಾರ್ಡು ಬದಲಿಸಿದರೆ ಮುಗಿಯಿತು. ಅದಕ್ಕೆ ಜೋಡಿ ಇಟ್ಟಿಲ್ಲ. ಟೈಮ್ ಸ್ವಿಚ್ಚು ಅಥವಾ ಬೇಸ್ ಪ್ರೊಸೆಸರು ಕೈಕೊಟ್ಟರೆ 512 ಪೋರ್ಟುಗಳೂ ಒಮ್ಮೆಲೇ ಸ್ತಬ್ಧ. ಆದ್ದರಿಂದ ಅವೆರಡಕ್ಕೂ ಒಂದೊಂದು ಜೋಡಿ ಸದಾ ಸಿದ್ಧವಾಗಿ ಕಾದಿರುತ್ತದೆ.