ಬಾಗಲಕೋಟೆಯ ಬಿ.ಪಿ., ಲ್ಯಾನ್ಸೆಟ್‌ನ ಲೆಕ್ಕ

ಆರೋಗ್ಯ ಸಂಶೋಧಕರ ಕೆಲಸವನ್ನು ಅಳೆಯಲು ಎರಡು ಲೆಕ್ಕಗಳು ಚಾಲ್ತಿಯಲ್ಲಿವೆ. ಎಷ್ಟು ಪ್ರಬಂಧ ಪ್ರಕಟವಾದವು ಎಂಬುದು ಒಂದು. ಆ ಪ್ರಬಂಧಗಳನ್ನು ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂಬುದು ಇನ್ನೊಂದು. ಬಡ್ತಿ, ಅನುದಾನ, ಕಾಲೇಜುಗಳ ರ‍್ಯಾಂಕಿಂಗ್ ಎಲ್ಲದರಲ್ಲೂ ಈಗ ಇವಕ್ಕೆ ತೂಕವಿದೆ. ಈ ಲೆಕ್ಕ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂದು ತಿಳಿಯಲು ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಗರ್ಭಿಣಿಯರ ಆರೋಗ್ಯದ ಮೇಲೆ ನಡೆದ ಸಂಶೋಧನೆ ಒಳ್ಳೆಯ ಉದಾಹರಣೆ.

ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ಆರಂಭಿಸಿದ್ದು 2002ರಲ್ಲಿ. ಅದಕ್ಕೆ ಹೊಂದಿಕೊಂಡ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಬಾದಾಮಿ, ಹುನಗುಂದ, ಇಳಕಲ್ಲ, ಕೂಡಲಸಂಗಮದ ಕಡೆಯವರಿಗೆಲ್ಲ ಪರಿಚಿತ. ಕಾಲೇಜು ಶುರುವಾಗಿ ಹನ್ನೆರಡು ವರ್ಷಕ್ಕೆ, 2014ರ ನವೆಂಬರಿನಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ ಸೇರಿ ಅದು ಒಂದು ದೊಡ್ಡ ಪ್ರಯೋಗಕ್ಕೆ ಇಳಿಯಿತು. ಅದರ ಹೆಸರು ‘ಕ್ಲಿಪ್’. ಬಸುರಿಯರಲ್ಲಿ ರಕ್ತದೊತ್ತಡ ಏರಿ, ಕೆಲವೊಮ್ಮೆ ಫಿಟ್ಸ್ ಬಂದು, ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ತರುವ ಪ್ರೀ-ಎಕ್ಲಾಂಪ್ಸಿಯಾ ಎಂಬ ಕಾಯಿಲೆಯನ್ನು ಹಳ್ಳಿಯಲ್ಲೇ ಪತ್ತೆ ಹಚ್ಚಬಹುದೇ ಎಂಬುದು ಪ್ರಶ್ನೆ. ಎರಡು ಜಿಲ್ಲೆಗಳ 12 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನಲ್ಲಿ ಎಂದಿನ ಆರೈಕೆ. ಇನ್ನೊಂದರಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ ಬಿ.ಪಿ. ನೋಡುತ್ತಿದ್ದರು. ಕೈಯಲ್ಲಿದ್ದ ಮೊಬೈಲ್ ಸಾಧನ ಅಪಾಯದ ಮಟ್ಟವನ್ನು ಹೇಳುತ್ತಿತ್ತು. ಬಿ.ಪಿ. ವಿಪರೀತ ಇದ್ದರೆ ಮೀಥೈಲ್‌ಡೋಪಾ ಮಾತ್ರೆ, ಫಿಟ್ಸ್‌ನ ಭಯವಿದ್ದರೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸುವುದು ಕ್ರಮ.

ಇಂಥ ಒಂದು ಪ್ರಯೋಗದಿಂದ ಒಂದೇ ಪ್ರಬಂಧ ಹುಟ್ಟುವುದಿಲ್ಲ. ಪ್ರಯೋಗಕ್ಕೆ ಮುನ್ನ ಹಳ್ಳಿಗಳಲ್ಲಿ ಗುಂಪು ಚರ್ಚೆಗಳು ನಡೆದವು. ಅವನ್ನು ಆಧರಿಸಿದ ಬರಹ 2016ರಲ್ಲಿ ‘ರಿಪ್ರೊಡಕ್ಟಿವ್ ಹೆಲ್ತ್’ ಪತ್ರಿಕೆಯಲ್ಲಿ ಬಂತು. ಬಿ.ಪಿ. ಏರುವುದಕ್ಕೆ ಚಿಂತೆ, ಟೆನ್ಷನ್, ಸರಿಯಿಲ್ಲದ ಊಟ ಕಾರಣ ಎಂದು ಹೆಚ್ಚಿನವರು ಹೇಳಿದ್ದರು. ಬಸುರಿಯಲ್ಲಿ ಫಿಟ್ಸ್ ಬರುವುದು ರಕ್ತ ಕಡಿಮೆಯಾಗಿ, ಟಿಟಿ ಇಂಜೆಕ್ಷನ್ ತಪ್ಪಿಸಿ, ಇಲ್ಲವೇ ಬೆಂಕಿ ಅಥವಾ ನೀರಿನ ಸಂಪರ್ಕದಿಂದ ಎಂಬ ನಂಬಿಕೆಯೂ ಅಲ್ಲಿ ದಾಖಲಾಯಿತು. ಕನ್ನಡದಲ್ಲಿ ನಡೆದ ಆ ಮಾತುಕತೆ ಇಂಗ್ಲಿಷಿಗೆ ತಿರುಗಿದ ಮೇಲಷ್ಟೇ ಉಲ್ಲೇಖದ ಲೆಕ್ಕದೊಳಗೆ ಬಂತು ಎಂಬುದನ್ನೂ ಗಮನಿಸಬೇಕು. ಭಾರತದ ಪ್ರಯೋಗದ ಮುಖ್ಯ ವರದಿ ‘ಪ್ರೆಗ್ನೆನ್ಸಿ ಹೈಪರ್‌ಟೆನ್ಷನ್’ ಪತ್ರಿಕೆಯಲ್ಲಿ, ಇದೇ ಪ್ರಯೋಗ ನಡೆದ ಪಾಕಿಸ್ತಾನ ಮತ್ತು ಮೊಜಾಂಬಿಕ್‌ಗಳ ಜೊತೆ ಕೂಡಿಸಿದ ವಿಶ್ಲೇಷಣೆ ‘ಲ್ಯಾನ್ಸೆಟ್’ನಲ್ಲಿ ಬಂದವು; ಎರಡೂ 2020ರಲ್ಲಿ. ಒಂದೇ ಕೆಲಸವನ್ನು ಹೋಳು ಮಾಡಿ ಪ್ರಕಟಣೆಯ ಸಂಖ್ಯೆ ಏರಿಸುವ ಚಾಳಿ ವೈದ್ಯಕೀಯ ಲೋಕದಲ್ಲಿ ಇದೆ. ಆದರೆ ಪ್ರತಿ ಪ್ರಬಂಧವೂ ಬೇರೆ ಪ್ರಶ್ನೆಗೆ ಉತ್ತರಿಸಿದರೆ ಅದನ್ನು ಆ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಫಲಿತಾಂಶ ನಿರಾಶೆಯದು. ತಾಯಿ ಮಗುವಿನ ಸಾವು ಮತ್ತು ಗಂಭೀರ ತೊಂದರೆಗಳನ್ನು ಒಟ್ಟು ಸೇರಿಸಿ ನೋಡಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರೂ ದೇಶಗಳ ಸುಮಾರು 69 ಸಾವಿರ ಗರ್ಭಧಾರಣೆಗಳನ್ನು ಕೂಡಿಸಿದಾಗಲೂ ಅಷ್ಟೆ. ಹೆಚ್ಚು ಸಲ ಭೇಟಿ ಪಡೆದವರಲ್ಲಿ ಮಾತ್ರ ಪರಿಣಾಮ ಉತ್ತಮವಾಗಿತ್ತು. ‘ಪ್ರಯೋಜನ ಕಾಣಲಿಲ್ಲ’ ಎಂಬ ಉತ್ತರ ಪ್ರಕಟವಾಗದೆ ಬೀರುವಿನಲ್ಲೇ ಉಳಿಯುವುದು ಸಾಮಾನ್ಯ. ಇದು ಬೆಳಕು ಕಂಡಿತು. ಅದೇ ದಾರಿಯಲ್ಲಿ ಮುಂದೆ ಹಣ ಸುರಿಯುವವರು ಮೊದಲು ಓದಬೇಕಾದ ಬರಹ ಇದು; ಉಲ್ಲೇಖದ ಸಂಖ್ಯೆ ಎಷ್ಟೇ ಇರಲಿ, ಅದರ ಬೆಲೆ ಇರುವುದು ಅಲ್ಲಿ.

ಉಲ್ಲೇಖಗಳನ್ನು ಎಣಿಸುವ ಪದ್ಧತಿಗೆ ತಳಹದಿ ಹಾಕಿದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್. ಯಾವ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆ ಎಂಬುದರ ಸೂಚಿ ಬೇಕು ಎಂದು 1955ರಲ್ಲಿ ಬರೆದ ಅವರು 1964ರಲ್ಲಿ ಅದನ್ನು ಹೊರತಂದರು. ಗ್ರಂಥಾಲಯದಲ್ಲಿ ಹಳೆಯ ಬರಹ ಹುಡುಕಲು ನೆರವಾಗಲಿ ಎಂದು ಹುಟ್ಟಿದ ಸಾಧನ ಕ್ರಮೇಣ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ‘ಎಚ್-ಇಂಡೆಕ್ಸ್’ ಎಂಬ ಒಂದೇ ಅಂಕೆಯನ್ನು ಸೂಚಿಸಿದರು. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 40, 18, 9, 5, 3 ಉಲ್ಲೇಖ ಸಿಕ್ಕಿವೆ ಎನ್ನಿ. ಕನಿಷ್ಠ 4 ಉಲ್ಲೇಖ ಪಡೆದ ಪ್ರಬಂಧಗಳು 4 ಇವೆ. ಕನಿಷ್ಠ 5 ಪಡೆದವು 5 ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 4. ಮೊದಲ ಪ್ರಬಂಧಕ್ಕೆ 40ರ ಬದಲು 4,000 ಉಲ್ಲೇಖ ಬಂದರೂ ಅಂಕೆ ನಾಲ್ಕೇ. ಒಂದೇ ಒಂದು ಮಹತ್ವದ ಕೆಲಸ ಮಾಡಿದವರಿಗೆ ಈ ಅಳತೆಯಲ್ಲಿ ನಷ್ಟ. ಜೊತೆಗೆ ವಯಸ್ಸಾದಂತೆ ಅಂಕೆ ಏರಬಹುದೇ ಹೊರತು ಇಳಿಯುವುದಿಲ್ಲ.

ದೊಡ್ಡ ಪ್ರಯೋಗಗಳ ಲೇಖಕರ ಪಟ್ಟಿ ಉದ್ದ. ಉಲ್ಲೇಖ ಮಾತ್ರ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಪೂರ್ತಿಯಾಗಿ ಸಲ್ಲುತ್ತದೆ, ಹಂಚಿಕೆ ಆಗುವುದಿಲ್ಲ. ಆದರೂ ಹೆಸರು ಎಷ್ಟನೆಯದು ಎಂಬುದಕ್ಕೆ ಬೆಲೆ ಇದೆ. ಭಾರತದ ಕ್ಲಿಪ್ ವರದಿಯಲ್ಲಿ ಮೊದಲ ಹೆಸರು ಬೆಳಗಾವಿಯ ಬೆಲ್ಲದ ಅವರದು. ನಂತರ ಗೌಡರ, ಬಾಗಲಕೋಟೆಯ ಮಲ್ಲಾಪುರ ಮೊದಲಾದವರು. ಲ್ಯಾನ್ಸೆಟ್ ಬರಹದ ಮೊದಲ ಲೇಖಕರು ಪೀಟರ್ ಫಾನ್ ಡಾಡೆಲ್ಸೆನ್. ಬಿಸಿಲಲ್ಲಿ ಮನೆಮನೆ ಸುತ್ತಿ ಬಿ.ಪಿ. ನೋಡಿದ ಕಾರ್ಯಕರ್ತೆಯರು ಯಾವ ಎಚ್-ಇಂಡೆಕ್ಸ್‌ಗೂ ಸಿಗುವುದಿಲ್ಲ.

ಸರ್ಕಾರಿ ನಿಯಮಗಳೂ ಲೇಖಕರ ಈ ಸರದಿಯನ್ನೇ ನೋಡುತ್ತವೆ. ವೈದ್ಯಕೀಯ ಅಧ್ಯಾಪಕರ ಬಡ್ತಿಗೆ ಮೊದಲ ಇಬ್ಬರು ಲೇಖಕರನ್ನು ಮಾತ್ರ ಪರಿಗಣಿಸಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2015ರಲ್ಲಿ ಹೇಳಿತ್ತು. ಮುಂದೆ ಅದು ಸಡಿಲಗೊಂಡಿತು. ಆ ಹಳೆಯ ಗೆರೆಯನ್ನು ಬೆಳಗಾವಿಯ ಅತ್ಯಂತ ಹೆಸರಾದ ಪ್ರಬಂಧಕ್ಕೆ ಹಚ್ಚಿ ನೋಡಿದರೆ ಅದರ ವಿಚಿತ್ರ ಗೊತ್ತಾಗುತ್ತದೆ. 2006ರ ಲ್ಯಾನ್ಸೆಟ್‌ನಲ್ಲಿ ಬಂದ ಆ ಬರಹದ ಲೇಖಕರ ಸರದಿ ಡರ್ಮನ್, ಕೊಡಕಣಿ, ಗೌಡರ ಎಂದು ಸಾಗುತ್ತದೆ. ಮೂರನೆಯವರಿಂದ ಆಚೆಗೆ ಎಲ್ಲರೂ ಸೊನ್ನೆ!

ಆ ಪ್ರಬಂಧದ ವಿಷಯ ಹೆರಿಗೆಯ ನಂತರದ ರಕ್ತಸ್ರಾವ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂಗಳು ಹೆರಿಗೆ ಮಾಡಿಸಿದ 1,620 ಮಹಿಳೆಯರ ಪೈಕಿ ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಗಿತ್ತು. ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಫ್ರಿಜ್ ಬೇಕು, ಈ ಮಾತ್ರೆಗೆ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ನೆರವಾದ ಪುರಾವೆಗಳಲ್ಲಿ ಬೆಳಗಾವಿಯ ಪ್ರಯೋಗವೂ ಒಂದು. ಪಟ್ಟಿ ನೋಡಿ ಸೂಲಗಿತ್ತಿಯ ಕೈಗೆ ಮಾತ್ರೆ ತಲುಪಿಸುವ ಜಿಲ್ಲಾ ಅಧಿಕಾರಿ ಪ್ರಬಂಧ ಬರೆಯುವುದಿಲ್ಲ. ಆದ್ದರಿಂದ ಆ ಬಳಕೆ ಉಲ್ಲೇಖವಾಗಿ ದಾಖಲಾಗುವುದೂ ಇಲ್ಲ.

ಇನ್ನು ಉಲ್ಲೇಖವೆಂದರೆ ಮೆಚ್ಚುಗೆಯೇ ಆಗಬೇಕಿಲ್ಲ. ದಡಾರ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಆಂಡ್ರ್ಯೂ ವೇಕ್‌ಫೀಲ್ಡ್‌ರ 1998ರ ಬರಹವನ್ನು ಲ್ಯಾನ್ಸೆಟ್ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಸಾವಿರಾರು ಸಲ ಉಲ್ಲೇಖಿಸಿದ್ದಾರೆ, ಬಹುಪಾಲು ತಪ್ಪೆಂದು ತೋರಿಸುವುದಕ್ಕೆ. ಎಣಿಸುವ ಯಂತ್ರಕ್ಕೆ ಮೆಚ್ಚುಗೆ, ಖಂಡನೆ ಎರಡೂ ಒಂದೇ.

ಪತ್ರಿಕೆಗಳ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಬೇರೆಯೇ ಸಂಗತಿ. ಹಿಂದಿನ ಎರಡು ವರ್ಷದ ಬರಹಗಳಿಗೆ ಒಂದು ವರ್ಷದಲ್ಲಿ ಸಿಕ್ಕ ಉಲ್ಲೇಖಗಳ ಸರಾಸರಿ ಅದು. ಪತ್ರಿಕೆಯ ಸರಾಸರಿಯನ್ನು ಲೇಖಕರ ಅಂಕವೆಂದು ಓದಬಾರದು ಎಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿದೆ. ನಮ್ಮ ಸಂದರ್ಶನ ಸಮಿತಿಗಳು ಇನ್ನೂ ಹಾಗೆಯೇ ಓದುವುದುಂಟು.

ಒಬ್ಬ ವೈದ್ಯರ ಪ್ರಕಟಣೆಗಳನ್ನು ಹುಡುಕುವುದು ಸಾಮಾನ್ಯ ಓದುಗರಿಗೂ ಸಾಧ್ಯ. ಪಬ್‌ಮೆಡ್ ಮತ್ತು ಗೂಗಲ್ ಸ್ಕಾಲರ್ ಉಚಿತ. ಗೂಗಲ್ ಸ್ಕಾಲರ್ ಥೀಸಿಸ್, ಕರಡು ಬರಹಗಳಲ್ಲಿನ ಉಲ್ಲೇಖವನ್ನೂ ಎಣಿಸುವುದರಿಂದ ಅಲ್ಲಿನ ಅಂಕೆ ‘ಸ್ಕೋಪಸ್’ ಎಂಬ ಉಲ್ಲೇಖ ಸೂಚಿಯದಕ್ಕಿಂತ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಒಂದೆಡೆಯ ಅಂಕೆಯನ್ನು ಇನ್ನೊಂದೆಡೆಯದರ ಜೊತೆ ಹೋಲಿಸಬಾರದು. ಮಲ್ಲಾಪುರ, ಕಟಗೇರಿ ಎಂದು ಊರಿನ ಅಡ್ಡಹೆಸರು ಇದ್ದವರು ಬೇಗ ಸಿಗುತ್ತಾರೆ. ಪಾಟೀಲ, ಕುಲಕರ್ಣಿ, ಹಿರೇಮಠ ಎಂದು ಹುಡುಕಿದರೆ ಹತ್ತಾರು ಜನರ ಕೆಲಸ ಕಲಸಿಕೊಂಡು ಬರುತ್ತದೆ. ಇನಿಶಿಯಲ್ ಒಮ್ಮೆ ಒಂದು, ಒಮ್ಮೆ ಎರಡು ಬರೆದರೆ ಒಬ್ಬರೇ ಇಬ್ಬರಾಗುವುದೂ ಇದೆ. ಈ ಗೊಂದಲ ಬಿಡಿಸಲೆಂದೇ 2012ರಿಂದ ‘ಆರ್ಕಿಡ್’ ಎಂಬ 16 ಅಂಕೆಗಳ ಗುರುತಿನ ಸಂಖ್ಯೆ ಬಂದಿದೆ. ಸಂಶೋಧಕರು ಅದನ್ನು ಉಚಿತವಾಗಿ ಪಡೆದು, ತಮ್ಮ ಪ್ರಬಂಧಗಳನ್ನು ಅದರಡಿ ಜೋಡಿಸಬಹುದು.