ತಂತಿಯಿಲ್ಲದ ಹವಾಯಂತ್ರವೂ ಅದರ ದಿನಚರಿಯೂ

ಈಚೆಗೆ ಶಾಲೆಯನ್ನು ನೋಡಲು ಬಂದ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆಟದ ಬಯಲಿನ ಮೂಲೆಯಲ್ಲಿ ನಿಂತಿರುವ ಬಿಳಿಯ ಕಂಬವನ್ನು ಕಂಡು ಅದೇನೆಂದು ವಿಚಾರಿಸಿರುವರು. ಕಂಬದ ತುದಿಯಲ್ಲಿ ತಿರುಗುವ ಬಟ್ಟಲುಗಳನ್ನು ನೋಡಿ, ಇದು ಕಾಗೆಗಳನ್ನು ಬೆದರಿಸುವ ಉಪಾಯವಾಗಿರಬೇಕೆಂದು ಹೆತ್ತವರೊಬ್ಬರು ಭಾವಿಸಿದರಂತೆ. ಕಾಗೆಗಳಾದರೋ ಅದರ ಮೇಲೆಯೇ ಕುಳಿತುಕೊಳ್ಳುತ್ತವೆ. ಆದಕಾರಣ ಈ ಯಂತ್ರದ ಕೆಲಸವೇನು, ಅದನ್ನು ಹೇಗೆ ನಿಲ್ಲಿಸಿದೆವು, ಅದರಿಂದ ನಮಗಾದ ಮುಖಭಂಗವೇನು ಎಂಬುದನ್ನು ಇಲ್ಲಿ ಅರಿಕೆಮಾಡಿಕೊಳ್ಳುವುದು ಉಚಿತವೆಂದು ತೋರುತ್ತದೆ.

ಯಂತ್ರವು ಎರಡು ಪಾಲಾಗಿರುವುದು. ಹೊರಗಿನ ಪಾಲು ಅಳೆಯುವುದು. ಒಳಗಿನ ಪಾಲು ಅದರ ಮಾತನ್ನು ಕೇಳಿಸಿಕೊಂಡು ಬರೆದಿಡುವುದು. ಇವೆರಡರ ನಡುವೆ ತಂತಿಯಿಲ್ಲ. ಉಷ್ಣಮಾನವನ್ನೂ ತೇವವನ್ನೂ ಅಳೆಯುವ ಅಂಗಗಳು ತಟ್ಟೆಗಳನ್ನು ಒಂದರ ಮೇಲೊಂದು ಕವುಚಿದಂತಿರುವ ಬಿಳಿಯ ಗೂಡಿನೊಳಗೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿವೆ. ಬಿಸಿಲು ನೇರವಾಗಿ ಬಿದ್ದರೆ ಯಂತ್ರವು ಗಾಳಿಯ ಬಿಸಿಯನ್ನಲ್ಲ, ತನ್ನ ಮೈಯ ಬಿಸಿಯನ್ನೇ ಹೇಳುವುದರಿಂದ ಈ ಗೂಡು ಅವಶ್ಯ. ಗಾಳಿಯನ್ನು ಅಳೆಯುವುದಕ್ಕೆ ತೆರೆದ ಬಯಲಿನಲ್ಲಿ 10 ಮೀಟರ್ ಎತ್ತರ ಬೇಕೆಂಬುದು ನಿಯಮ. ನಮ್ಮ ಕಂಬವು ಅಷ್ಟು ಎತ್ತರವಿಲ್ಲ. ಆದುದರಿಂದ ನಮ್ಮ ಗಾಳಿಯ ಲೆಕ್ಕವನ್ನು ಯಾರೂ ಪ್ರಮಾಣವಾಗಿ ಹಿಡಿಯಬಾರದು.

ಮಳೆಯನ್ನು ಅಳೆಯುವ ಭಾಗವೇ ಎಲ್ಲಕ್ಕಿಂತ ಸ್ವಾರಸ್ಯವುಳ್ಳದ್ದು. ಆಲಿಕೆಯ ಕೆಳಗೆ ಏತದಂತೆ ಏರಿಳಿಯುವ ಎರಡು ಸಣ್ಣ ದೊನ್ನೆಗಳಿವೆ. ಒಂದು ತುಂಬಿದೊಡನೆ ಭಾರದಿಂದ ಬಾಗಿ ನೀರನ್ನು ಚೆಲ್ಲುವುದು. ಅಷ್ಟರಲ್ಲಿ ಇನ್ನೊಂದು ಧಾರೆಯ ಕೆಳಗೆ ಬಂದು ನಿಲ್ಲುವುದು. ಪ್ರತಿ ಸಲ ಬಾಗುವಾಗಲೂ ಒಂದು ಅಯಸ್ಕಾಂತವು ಗಾಜಿನ ಕೊಳವೆಯೊಳಗಿನ ಸ್ವಿಚ್ಚಿನ ಬಳಿ ಹಾದುಹೋಗಿ ಲೆಕ್ಕಕ್ಕೆ ಒಂದನ್ನು ಕೂಡಿಸುವುದು. ನಮ್ಮ ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆಯೆಂದರೆ ಅದರೊಳಗೆ 20 ಘನ ಸೆಂಟಿಮೀಟರ್ ನೀರು. ದೊನ್ನೆಯು 4 ಘನ ಸೆಂಟಿಮೀಟರಿಗೆ ಬಾಗುವುದರಿಂದ ಒಂದೊಂದು ಬಾಗುವಿಕೆಯೂ 0.2 ಮಿಲಿಮೀಟರ್ ಮಳೆಗೆ ಸಮ. ಈ ಲೆಕ್ಕವನ್ನು ಒಂಬತ್ತನೆಯ ತರಗತಿಯ ಹುಡುಗಿಯರು ಪಿಚಕಾರಿಯಿಂದ ಅಳೆದ ನೀರನ್ನು ಮೆಲ್ಲಗೆ ಹೊಯ್ದು ಪರೀಕ್ಷಿಸಿದರು. ಮೆಲ್ಲಗೆ ಹೊಯ್ಯತಕ್ಕದ್ದು, ರಭಸದಿಂದ ಹೊಯ್ದರೆ, ದೊನ್ನೆ ಬಾಗುತ್ತಿರುವ ಕ್ಷಣದಲ್ಲಿಯೂ ನೀರು ಅದರೊಳಗೇ ಬಿದ್ದು ಲೆಕ್ಕಕ್ಕೆ ಸಿಗದೆ ಹೋಗುವುದು. ನಮ್ಮ ಕರಾವಳಿಯ ಜಡಿಮಳೆಯಲ್ಲಿ ಇಂಥ ಯಂತ್ರಗಳು ಮಳೆಯನ್ನು ಕಡಮೆಯಾಗಿ ತೋರಿಸುವುದಕ್ಕೆ ಇದೇ ಕಾರಣ.

ಹೊರಗಿನ ಪಾಲು 16 ಸೆಕೆಂಡಿಗೊಮ್ಮೆ ತನ್ನ ಅಳತೆಗಳನ್ನು ರೇಡಿಯೋ ಅಲೆಗಳ ಮೂಲಕ ಸಾರುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸಿನವರೆಗಿನ ಪಟ್ಟಿಯಲ್ಲಿ ಅಲ್ಪ ಶಕ್ತಿಯ ಉಪಕರಣಗಳಿಗೆ ಪರವಾನಗಿ ಬೇಡವೆಂದು 2005ರಲ್ಲಿ ವಿಧಿಸಲ್ಪಟ್ಟಿತು. ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಮೋಟಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಓದುವುದೂ ಇದೇ ಪಟ್ಟಿಯಲ್ಲಿ. ಅಮೆರಿಕದಿಂದ ಬಂಧುಗಳು ತಂದುಕೊಡುವ ಯಂತ್ರಗಳು ಸಾಮಾನ್ಯವಾಗಿ 915ರ ಸುತ್ತಿನವು. ಇಲ್ಲಿ ಆ ನೆರೆಹೊರೆಯು ಮೊಬೈಲ್ ದೂರವಾಣಿಗೆ ಸೇರಿದುದಾದ್ದರಿಂದ ಅವನ್ನು ಬಳಸಲಾಗದು. ಇದನ್ನು ವಿದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ದಯಮಾಡಿ ಗಮನಿಸಬೇಕು.

ಕೇಳಿಸಿಕೊಳ್ಳುವ ಉಪಕರಣವು ಹೆಬ್ಬೆರಳಿನಷ್ಟು ಗಾತ್ರದ ಒಂದು ಕಡ್ಡಿ. ಮೊದಲು ಇದನ್ನು ಗಣಕದಲ್ಲಿ ಟೆಲಿವಿಷನ್ ನೋಡುವುದಕ್ಕೆಂದು ಮಾಡಿದ್ದರು; ಇದರಿಂದ ಬೇರೆ ರೇಡಿಯೋ ಅಲೆಗಳನ್ನೂ ಹಿಡಿಯಬಹುದೆಂಬುದು 2012ರ ಸುಮಾರಿಗೆ ಹವ್ಯಾಸಿಗಳಲ್ಲಿ ಪ್ರಸಿದ್ಧವಾಯಿತು. ಅದೇ ವರ್ಷ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದ ಜಾತಿಯದೊಂದಕ್ಕೆ ಇದನ್ನು ಸಿಕ್ಕಿಸಿದ್ದೇವೆ. ಆರ್.ಟಿ.ಎಲ್. 433 ಎಂಬ ಕ್ರಮವಿಧಿಯು ಅನೇಕ ತಯಾರಕರ ಯಂತ್ರಗಳ ಸಂಕೇತಭಾಷೆಯನ್ನು ಬಲ್ಲದು. ಅದಕ್ಕೆ ಬೆಲೆ ಕೊಡಬೇಕಾದುದಿಲ್ಲ. ಯಂತ್ರವನ್ನು ಕೊಳ್ಳುವ ಮೊದಲೇ ಅದರ ಹೆಸರು ಈ ಕ್ರಮವಿಧಿಯ ಪಟ್ಟಿಯಲ್ಲಿದೆಯೋ ಎಂದು ನೋಡುವುದು ಬುದ್ಧಿವಂತಿಕೆ. ಕಿವಿಯ ಕೆಲಸಮಾಡುವ ತಂತಿಯು ಅಲೆಯ ಉದ್ದದ ಕಾಲುಭಾಗವಿರಬೇಕು. 866 ಮೆಗಾಹರ್ಟ್ಸಿಗೆ ಅದು ಸುಮಾರು 8.7 ಸೆಂಟಿಮೀಟರ್. ನಾವು ಮೊದಲು ಇವನ್ನೆಲ್ಲ ವಿಜ್ಞಾನದ ಕೋಣೆಯಲ್ಲಿ ಕಬ್ಬಿಣದ ಕಪಾಟಿನ ಮಗ್ಗುಲಲ್ಲಿಟ್ಟು, ಅರ್ಧಕ್ಕರ್ಧ ವಾರ್ತೆಗಳನ್ನು ಕಳೆದುಕೊಂಡೆವು. ಬಯಲಿನ ಕಡೆಯ ಕಿಟಕಿಗೆ ಸಾಗಿಸಿದ ಮೇಲೆ ಎಲ್ಲವೂ ಸರಿಹೋಯಿತು.

ವಾರ್ತೆಗಳು ಕಳೆದುಹೋದರೂ ಮಳೆಯ ಲೆಕ್ಕ ಕೆಡಲಿಲ್ಲವೆಂಬುದು ಆಶ್ಚರ್ಯವಲ್ಲವೇ? ಹೊರಗಿನ ಪಾಲು "ಈಗ ಇಷ್ಟು ಮಳೆ ಬಂತು" ಎನ್ನದೆ, "ಮೊದಲಿನಿಂದ ಇಂದಿನವರೆಗೆ ದೊನ್ನೆ ಇಷ್ಟು ಸಲ ಬಾಗಿತು" ಎಂದೇ ಹೇಳುತ್ತದೆ. ಹಿಂದಿನ ಮೊತ್ತವನ್ನು ಕಳೆದು ಈಗಿನ ಮಳೆಯನ್ನು ತಿಳಿಯುವುದು ನಮ್ಮ ಕೆಲಸ. ಆದರೆ ಬ್ಯಾಟರಿಯನ್ನು ಬದಲಾಯಿಸಿದಾಗ ಮೊತ್ತವು ಸೊನ್ನೆಗೆ ಇಳಿಯುವುದು. ಗಣಕಕ್ಕೆ ಇದನ್ನು ಮುಂಚಿತವಾಗಿ ಕಲಿಸದಿದ್ದರೆ ಆಕಾಶವು ಕೊಟ್ಟ ಮಳೆಯನ್ನು ಹಿಂದಕ್ಕೆ ತೆಗೆದುಕೊಂಡಿತೆಂದು ಬರೆದುಬಿಡುವುದು. ಗಾಳಿಯ ದಿಕ್ಕಿನಲ್ಲಿಯೂ ಇಂಥ ಬಲೆಯೊಂದುಂಟು. 350 ಅಂಶ, 10 ಅಂಶ, ಇವೆರಡೂ ಉತ್ತರದ ಆಸುಪಾಸಿನವೇ. ಕೂಡಿಸಿ ಎರಡರಿಂದ ಭಾಗಿಸಿದರೆ 180, ಅಂದರೆ ಶುದ್ಧ ದಕ್ಷಿಣ! ಆದುದರಿಂದ ಗಾಳಿಯನ್ನು ಪೂರ್ವ ಮತ್ತು ಉತ್ತರದ ಪಾಲುಗಳಾಗಿ ಒಡೆದು ಸರಾಸರಿ ತೆಗೆಯಬೇಕು.

ದಿನಚರಿಯಲ್ಲಿ ಐದು ನಿಮಿಷಕ್ಕೆ ಒಂದು ಸಾಲು. ದಿನಕ್ಕೆ 288, ವರ್ಷಕ್ಕೆ 1,05,120. ವಿದ್ಯುತ್ತು ನಿಂತು ಬಂದಾಗ ನಮ್ಮಲ್ಲಿರುವ ಮಾದರಿಯ ಗಣಕಕ್ಕೆ ಹೊತ್ತು ತಿಳಿಯದು. ಮಧ್ಯಾಹ್ನದ ಮಳೆಯನ್ನು ಬೆಳಗಿನದೆಂದು ಬರೆದೀತು. ಗುಂಡಿಯಂಥ ಬ್ಯಾಟರಿಯುಳ್ಳ ಸಣ್ಣ ಗಡಿಯಾರವೊಂದನ್ನು ಸೇರಿಸಿ ಇದನ್ನು ತಪ್ಪಿಸಿದೆವು. ಭಾರತದಲ್ಲಿ ಮಳೆಯ ದಿನವು ಬೆಳಿಗ್ಗೆ 8-30ಕ್ಕೆ ಮುಗಿಯುವುದೆಂಬುದನ್ನೂ ಗಣಕಕ್ಕೆ ಹೇಳಿಕೊಡಬೇಕಾಯಿತು.

ಇನ್ನು ಮುಖಭಂಗದ ಸಂಗತಿ. ಒಂದು ಜುಲೈ ತಿಂಗಳಲ್ಲಿ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಪರವೂರಿನಿಂದ ಮಗಳಿಗೆ ದೂರವಾಣಿಯಲ್ಲಿ ಮಾತಾಡಿ, ರಾತ್ರಿ ಮಳೆ ಬಂದಿತೇ ಎಂದು ಕೇಳಿದರು. ಅವರ ಅಡಿಕೆಯ ತೋಟ ಶಾಲೆಗೆ ಸಮೀಪ. ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣವನ್ನು ಹೊಡೆಯುವ ಸಮಯವದು. ವಿದ್ಯಾರ್ಥಿನಿನಿಲಯದಲ್ಲಿದ್ದ ಮಗಳು, ಗಾಢ ನಿದ್ರೆಯಲ್ಲಿದ್ದವಳು, ನಮ್ಮ ಯಂತ್ರದ ಪುಟವನ್ನು ನೋಡಿ "ಸೊನ್ನೆ" ಎಂದಳು. ಅವರು ಆಳುಗಳಿಗೆ ಹೇಳಿಕಳುಹಿಸಿದರು. ಮೈಲುತುತ್ತೂ ಸುಣ್ಣವೂ ಕರಗಿಸಲ್ಪಟ್ಟವು. ಬಂದು ನೋಡಿದರೆ ಮರಗಳ ಕಾಂಡದ ಮೇಲೆ ನೀರು ಇಳಿಯುತ್ತಿದೆ! ಒದ್ದೆ ಮರವನ್ನು ಹತ್ತಲು ಆಳುಗಳು ಒಪ್ಪಲಿಲ್ಲ. ಒಪ್ಪದಿದ್ದುದೇ ನಮ್ಮ ಪುಣ್ಯ. ಕಲಸಿದ ದ್ರಾವಣವು ಮರುದಿನಕ್ಕೆ ಒದಗುವಂಥದಲ್ಲ. ಕೂಲಿಯೂ ಔಷಧವೂ ದಂಡವಾದವು.

ನಾವು ಹೋಗಿ ಮುಚ್ಚಳ ತೆಗೆದಾಗ ಆಲಿಕೆಯ ಕಂಡಿಯನ್ನು ಒಂದು ಬಾದಾಮಿಯ ಎಲೆಯು ಬಿರಡೆಯಂತೆ ಮುಚ್ಚಿತ್ತು. ಮೇಲೆ ನೀರು ತುಂಬಿ ಹೊರಚೆಲ್ಲುತ್ತಿತ್ತು. ರೇಡಿಯೋ ತಪ್ಪಲಿಲ್ಲ, ಗಣಕವೂ ತಪ್ಪಲಿಲ್ಲ. ಎರಡೂ ಆ ಸೊನ್ನೆಯನ್ನು ಅತಿ ನಿಷ್ಠೆಯಿಂದ ಸಾಗಿಸಿದವು. ಪಕ್ಕದಲ್ಲಿಯೇ ಇದ್ದ ಹಳೆಯ ಗಾಜಿನ ಮಳೆಮಾಪಕವನ್ನು, ಯಂತ್ರ ಬಂದ ಮೇಲೆ, ಯಾರೂ ನೋಡುತ್ತಿರಲಿಲ್ಲ. ಅದರಲ್ಲಿ 94 ಮಿಲಿಮೀಟರ್ ನೀರಿತ್ತು.

ಆ ಮೊತ್ತವನ್ನು 288 ಸಾಲುಗಳಿಗೆ ಸಮನಾಗಿ ಹಂಚಿಬಿಡೋಣವೆಂದು ಒಬ್ಬ ಹುಡುಗಿ ಸೂಚಿಸಿದಳು. ಅವಳ ಸದುದ್ದೇಶದಲ್ಲಿ ಸಂಶಯವಿಲ್ಲ. ಆದರೆ ಆ ರಾತ್ರಿ ಯಾವ ಗಳಿಗೆಯಲ್ಲಿ ಎಷ್ಟು ಮಳೆ ಬಿದ್ದಿತೆಂದು ನಮಗೆ ಗೊತ್ತಿರಲಿಲ್ಲ. ಸೊನ್ನೆಗಳನ್ನು ಅಳಿಸಿ ಸಾಲುಗಳನ್ನು ಬರಿದಾಗಿ ಬಿಟ್ಟೆವು. ದಿನದ ಮೊತ್ತವನ್ನು ಮಾತ್ರ, ಗಾಜಿನಿಂದ ಓದಿದುದೆಂದು ಗುರುತಿಸಿ, ಬೇರೆ ಪುಸ್ತಕದಲ್ಲಿ ಬರೆದೆವು. ಆ ವಾರ ಹುಡುಗಿಯರಿಗೆ ಅನ್ನಾ ಮಾಣಿಯವರ ವಿಷಯವನ್ನು ಹೇಳಿದೆನು. 1918ರಲ್ಲಿ ತಿರುವಾಂಕೂರಿನ ಪೀರ್ಮೇಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ದುಡಿದು, 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿದ ಈ ಮಹಿಳೆಯು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಕ್ರಮಪಡಿಸಿ, ಅವು ನಮ್ಮ ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿಯೇ ಗಾಳಿ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳ ಕಾರ್ಯಾಗಾರವನ್ನು ನಡೆಯಿಸಿದರು. 2001ರಲ್ಲಿ ತೀರಿಕೊಂಡರು. ತಪ್ಪು ಅಳತೆಗಿಂತ ಅಳತೆಯಿಲ್ಲದಿರುವುದೇ ಲೇಸೆಂಬುದು ಅವರ ದೃಢವಾದ ಅಭಿಪ್ರಾಯವಾಗಿದ್ದಿತು.

ಈಗ ಆಲಿಕೆಗೆ ಜಾಲರಿ ಹಾಕಿದೆ. ಪ್ರತಿ ಸೋಮವಾರ ಇಬ್ಬರು ಹುಡುಗಿಯರು ಎಲೆ, ಇರುವೆ, ಜೇಡಬಲೆಗಳನ್ನು ತೆಗೆದು ಸ್ವಚ್ಛಮಾಡುವರು. ದಿನವೂ ಬೆಳಿಗ್ಗೆ 8-30ಕ್ಕೆ ಒಬ್ಬಳು ಕೊಡೆ ಹಿಡಿದು ಹೋಗಿ ಗಾಜಿನ ಮಾಪಕವನ್ನು ಓದಿ ಬರುವಳು. ಎರಡು ಲೆಕ್ಕಗಳಿಗೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಅಂತರವಿದ್ದರೆ ಆ ದಿನದ ಸಾಲುಗಳಿಗೆ ಕೆಂಪು ಗುರುತು ಬೀಳುವುದು. ಆ ತೋಟದ ಯಜಮಾನರು ಈಗಲೂ ಮಗಳನ್ನು ಮಳೆಯ ವಿಷಯವಾಗಿ ವಿಚಾರಿಸುವರು. ಅವಳು ಸಂಖ್ಯೆಯನ್ನು ಹೇಳಿದೊಡನೆ ಅವರ ಮರುಪ್ರಶ್ನೆ ಒಂದೇ: "ಗಾಜಿನದೋ, ಯಂತ್ರದ್ದೋ?"